ಕಲ್ಲನ್ನು ಒತ್ತಿ ಎಳೆತ ಅಳೆಯುವ ಕೆಲಸ

ಕಲ್ಲು ಗಟ್ಟಿ ಅನ್ನುವುದು ಅರ್ಧ ನಿಜ ಅಷ್ಟೇ. ಮೇಲಿಂದ ಎಷ್ಟು ಹೇರಿದರೂ ತಡೆದುಕೊಳ್ಳುತ್ತದೆ. ಎರಡು ಕಡೆ ಹಿಡಿದು ಎಳೆದಾಗ ಅದರ ಬಂಡವಾಳ ಬಯಲಾಗುತ್ತದೆ. ಒಳ್ಳೆಯ ಗ್ರಾನೈಟ್ ಒಂದು ಚದರ ಮಿಲಿಮೀಟರಿಗೆ 150 ನ್ಯೂಟನ್, ಕೆಲವೊಮ್ಮೆ 200 ನ್ಯೂಟನ್ ಒತ್ತಡವನ್ನು ಅಲ್ಲಾಡದೆ ಹೊರುತ್ತದೆ. ಅದೇ ಕಲ್ಲು ಎಳೆತಕ್ಕೆ 10ರ ಆಸುಪಾಸಿನಲ್ಲೇ ಕೈಚೆಲ್ಲುತ್ತದೆ. ಹಂಪಿಯ ಯಾವುದೇ ಮಂಟಪಕ್ಕೆ ಹೋಗಿ ನೋಡಿ, ಕಂಬಗಳು ಒತ್ತೊತ್ತಾಗಿ ನಿಂತಿರುತ್ತವೆ. ಅಂದಕ್ಕೂ ಹೌದು, ಆದರೆ ಬರೀ ಅಂದಕ್ಕಲ್ಲ. ಕಲ್ಲಿನ ತೊಲೆ ಸ್ವಲ್ಪ ಬಾಗಿದರೂ ಅದರ ಕೆಳಮೈ ಹಿಗ್ಗಬೇಕು. ಹಿಗ್ಗುವುದು ಕಲ್ಲಿಗೆ ಬರುವುದಿಲ್ಲ. ಹಾಗಾಗಿ ಎರಡು ಕಂಬದ ನಡುವಿನ ದೂರವನ್ನೇ ಕಡಿಮೆ ಮಾಡಿದರು.

ನಾನು ಬೆಂಗಳೂರಿನ ಹೊರವಲಯದ ಒಂದು ಖಾಸಗಿ ಟೆಸ್ಟಿಂಗ್ ಲ್ಯಾಬಿನಲ್ಲಿ ಕಲ್ಲಿನ ವಿಭಾಗ ನೋಡಿಕೊಳ್ಳುತ್ತೇನೆ. ಸುರಂಗ, ಅಣೆಕಟ್ಟು, ಕ್ವಾರಿ, ಸೇತುವೆಯ ಅಡಿಪಾಯ, ಎಲ್ಲ ಕಡೆಯಿಂದ ಕೋರ್ ಬಾಕ್ಸ್ ಬರುತ್ತವೆ. ನೆಲ ಕೊರೆದು ತೆಗೆದ ಉದ್ದುದ್ದ ಕಲ್ಲಿನ ಕಡ್ಡಿಗಳನ್ನು ಮರದ ಪೆಟ್ಟಿಗೆಯಲ್ಲಿ ಸಾಲಾಗಿ ಮಲಗಿಸಿ, ಬೋರ್ ನಂಬರು, ಆಳ ಎಲ್ಲ ಬರೆದು ಕಳಿಸುತ್ತಾರೆ. ಅದರಲ್ಲಿ ನಮಗೆ ಬೇಕಾದಷ್ಟು ಕತ್ತರಿಸಿಕೊಂಡು ಟೆಸ್ಟ್ ಮಾಡುವುದು ಕೆಲಸ. ಅವುಗಳಲ್ಲಿ ನನಗೆ ಅತಿ ಇಷ್ಟದ ಟೆಸ್ಟ್ ಒಂದಿದೆ. ಜನ ಅದನ್ನು ತುಂಬಾ ಸುಲಭ ಅಂದುಕೊಂಡಿದ್ದಾರೆ. ಎಳೆತದ ಬಲ ತಿಳಿಯಲು ಕಲ್ಲನ್ನು ಎಳೆಯುವುದೇ ಇಲ್ಲ, ಒತ್ತುತ್ತೇವೆ. ಲ್ಯಾಬಿನಲ್ಲಿ ಎಲ್ಲರ ಬಾಯಲ್ಲೂ ಅದು 'ಬ್ರೆಜಿಲಿಯನ್'. ನಮ್ಮಲ್ಲಿ ಇದಕ್ಕೆ ಐಎಸ್ 10082 ಅನ್ನುವ ಮಾನದಂಡವಿದೆ.

ನೇರವಾಗಿ ಎಳೆದರೆ ಆಗಲ್ವಾ ಅಂತ ಹೊಸದಾಗಿ ಬರುವ ಡಿಪ್ಲೊಮಾ ಹುಡುಗರು ಕೇಳುತ್ತಾರೆ. ಆಗುತ್ತದೆ, ಆದರೆ ಅದರ ಗೋಳು ಬೇರೆ. ಕಬ್ಬಿಣದ ಸರಳನ್ನಾದರೆ ದವಡೆಯಲ್ಲಿ ಕಚ್ಚಿ ಹಿಡಿದು ಎಳೆಯಬಹುದು. ಕಲ್ಲನ್ನು ಹಾಗೆ ಕಚ್ಚಿದರೆ ಕಚ್ಚಿದ ಜಾಗದಲ್ಲೇ ಪುಡಿಯಾಗುತ್ತದೆ. ಅದಕ್ಕೇ ಎರಡೂ ತುದಿಗೆ ಉಕ್ಕಿನ ಟೋಪಿ ಇಟ್ಟು ಎಪಾಕ್ಸಿ ಅಂಟಿನಿಂದ ಅಂಟಿಸಬೇಕು, ಅಂಟು ಒಣಗುವವರೆಗೆ ಕಾಯಬೇಕು, ಸರಪಳಿ ಹಾಕಿ ಮಷೀನಿಗೆ ತೂಗುಹಾಕಬೇಕು. ಎಳೆತ ಕಲ್ಲಿನ ನಟ್ಟನಡುವೆಯೇ ಹಾದುಹೋಗಬೇಕು. ಕೂದಲೆಳೆಯಷ್ಟು ಓರೆಯಾದರೂ ಕಲ್ಲು ಬಾಗಿ ಒಂದು ಮಗ್ಗುಲಿಂದ ಬಿಟ್ಟುಕೊಳ್ಳುತ್ತದೆ. ಎಷ್ಟೋ ಸಲ ಕಲ್ಲು ಗಟ್ಟಿಯಾಗೇ ಇದ್ದು ಅಂಟು ಕಿತ್ತುಬರುತ್ತದೆ. ದಿನವೆಲ್ಲ ದುಡಿದು ಕೊನೆಗೆ ಅಂಟಿನ ಬಲ ಅಳೆದಂತಾಗುತ್ತದೆ.

ಒತ್ತಿ ಅಳೆಯುವ ಉಪಾಯ ಹೊಳೆದದ್ದು ರಿಯೊ ಡಿ ಜನೈರೊದಲ್ಲಿ, ಅದೂ ಒಂದು ಚರ್ಚನ್ನು ಉಳಿಸುವ ಗಡಿಬಿಡಿಯಲ್ಲಿ. 1940ರ ದಶಕದ ಮೊದಲಲ್ಲಿ ಅಲ್ಲಿ ಪ್ರೆಸಿಡೆಂಟ್ ವಾರ್ಗಸ್ ಅನ್ನುವ ದೊಡ್ಡ ರಸ್ತೆ ಹಾಕುತ್ತಿದ್ದರು. ದಾರಿಗೆ ಅಡ್ಡವಾಗಿ ಸಾವೊ ಪೆಡ್ರೊ ಚರ್ಚ್ ಬಂತು. ಒಡೆಯುವ ಬದಲು ರೋಲರುಗಳ ಮೇಲೆ ಇಡೀ ಕಟ್ಟಡವನ್ನು ಪಕ್ಕಕ್ಕೆ ಉರುಳಿಸಿದರೆ ಹೇಗೆ ಅನ್ನುವ ಯೋಚನೆ ಹುಟ್ಟಿತು. ಯುದ್ಧದ ಕಾಲ, ಉಕ್ಕಿಗೆ ಬರ. ಕಾಂಕ್ರೀಟ್ ರೋಲರ್ ಮಾಡಿದರೆ ತಡೆಯುತ್ತದಾ ಅಂತ ನೋಡಲು ಫರ್ನಾಂಡೊ ಕಾರ್ನೇರೊ ಅನ್ನುವ ಎಂಜಿನಿಯರ್ ಕಾಂಕ್ರೀಟ್ ಉರುಳೆಗಳನ್ನು ಅಡ್ಡ ಮಲಗಿಸಿ ಮೇಲಿಂದ ಒತ್ತಿದರು. ಅವು ಪುಡಿಯಾಗಲಿಲ್ಲ. ಮೇಲಿಂದ ಕೆಳಗೆ ನೇರ ಗೆರೆ ಎಳೆದ ಹಾಗೆ ಎರಡಾಗಿ ಸೀಳಿದವು. ಒತ್ತಿದ್ದು ಮೇಲಿಂದ, ಕಿತ್ತುಕೊಂಡದ್ದು ಎಡಕ್ಕೂ ಬಲಕ್ಕೂ. ಅಂದರೆ ಒಳಗೆ ಎಳೆತ ಹುಟ್ಟಿದೆ. ಇದನ್ನೇ ಅಳತೆಯ ವಿಧಾನವಾಗಿ ಮಾಡಬಹುದು ಅಂತ 1943ರಲ್ಲಿ ಅವರು ಮಂಡಿಸಿದರು. ಅದೇ ವರ್ಷ ಜಪಾನಿನಲ್ಲಿ ಅಕಾಜಾವಾ ಅನ್ನುವವರೂ ತಮ್ಮ ಪಾಡಿಗೆ ಇದೇ ಉಪಾಯಕ್ಕೆ ಬಂದಿದ್ದರು. ಯುದ್ಧದ ನಡುವೆ ಒಬ್ಬರ ಸುದ್ದಿ ಇನ್ನೊಬ್ಬರಿಗೆ ಎಲ್ಲಿಂದ ಸಿಗಬೇಕು? ಚರ್ಚ್ ಮಾತ್ರ ಉಳಿಯಲಿಲ್ಲ. ಕೆಡವಿಯೇ ರಸ್ತೆ ಮಾಡಿದರು.

ಮೊದಲು ಕಾಂಕ್ರೀಟಿಗೆ ಅಂತ ಬಂದದ್ದು ಆಮೇಲೆ ಕಲ್ಲಿಗೂ ಬಂತು. ಕಾಂಕ್ರೀಟಿಗೆ ಉದ್ದನೆಯ ಸಿಲಿಂಡರ್ ಬಳಸುತ್ತೇವೆ. ಕಲ್ಲಿಗೆ ಕೋರಿನಿಂದ ಕತ್ತರಿಸಿದ ಬಿಲ್ಲೆ ಸಾಕು. ಬಿಲ್ಲೆಯನ್ನು ಗಾಡಿ ಚಕ್ರ ನಿಂತ ಹಾಗೆ ಅಂಚಿನ ಮೇಲೆ ನಿಲ್ಲಿಸಿ ಮೇಲೆ ಕೆಳಗೆ ಒತ್ತಬೇಕು. ಹಾಗೆ ಒತ್ತಿದಾಗ ಬಿಲ್ಲೆಯ ಒಳಗೆ ಏನಾಗುತ್ತದೆ ಅನ್ನುವ ಲೆಕ್ಕ ಕಾರ್ನೇರೊಗಿಂತ ಎಷ್ಟೋ ಮುಂಚೆಯೇ ಇತ್ತು. ಮಾಡಿಟ್ಟವರು ಹೈನ್ರಿಕ್ ಹರ್ಟ್ಸ್. ಹೌದು, ರೇಡಿಯೊದಲ್ಲಿ ಮೆಗಾಹರ್ಟ್ಸ್ ಅಂತೀವಲ್ಲ, ಅವರೇ. ಬಿಲ್ಲೆಯ ನಟ್ಟನಡುವೆ ಅಡ್ಡಡ್ಡಲಾಗಿ ಎಳೆತ ಇರುತ್ತದೆ, ಮೇಲಿಂದ ಕೆಳಗೆ ಒತ್ತಡ ಇರುತ್ತದೆ. ಒತ್ತಡ ಎಳೆತದ ಮೂರು ಪಟ್ಟು. ಮೂರು ಪಟ್ಟು ಇದ್ದ ಮೇಲೆ ಒತ್ತಡಕ್ಕೇ ಮೊದಲು ಒಡೆಯಬೇಕಲ್ವಾ ಅಂತ ಅನ್ನಿಸಬಹುದು. ಆದರೆ ಕಲ್ಲು ಒತ್ತಡ ತಡೆಯುವ ಶಕ್ತಿ ಎಳೆತ ತಡೆಯುವುದಕ್ಕಿಂತ ಹತ್ತು ಪಟ್ಟೋ ಇನ್ನೂ ಜಾಸ್ತಿಯೋ ಇರುತ್ತದೆ. ಮೂರು ಪಟ್ಟು ಒತ್ತಡ ಅದಕ್ಕೆ ಲೆಕ್ಕಕ್ಕಿಲ್ಲ. ಎಳೆತವೇ ಅದನ್ನು ಮೊದಲು ಮುರಿಯುತ್ತದೆ. ಇಡೀ ಟೆಸ್ಟ್ ನಿಂತಿರುವುದು ಈ ಒಂದು ವ್ಯತ್ಯಾಸದ ಮೇಲೆ.

ಲೆಕ್ಕ ಪುಸ್ತಕದಲ್ಲಿ ನುಣ್ಣಗಿದೆ. ಕಲ್ಲು ನುಣ್ಣಗಿಲ್ಲ. ಅರ್ಧ ಕೆಲಸ ಅದನ್ನು ಸಿದ್ಧ ಮಾಡುವುದರಲ್ಲೇ ಮುಗಿಯುತ್ತದೆ.

ನಮಗೆ ಜಾಸ್ತಿ ಬರುವುದು ಎನ್‌ಎಕ್ಸ್ ಸೈಜಿನ ಕೋರ್, ವ್ಯಾಸ 54.7 ಮಿಲಿಮೀಟರ್. ಐಎಸ್‌ಆರ್‌ಎಂ ಅನ್ನುವ ಅಂತಾರಾಷ್ಟ್ರೀಯ ರಾಕ್ ಮೆಕ್ಯಾನಿಕ್ಸ್ (ಕಲ್ಲಿನ ಬಲದ ಶಾಸ್ತ್ರ) ಸಂಘ 1978ರಲ್ಲಿ ಕೊಟ್ಟ ವಿಧಾನದ ಪ್ರಕಾರ ಬಿಲ್ಲೆಯ ದಪ್ಪ ಸುಮಾರು ಅದರ ಅರ್ಧ ವ್ಯಾಸದಷ್ಟಿರಬೇಕು, ಅಂದರೆ 27 ಮಿಲಿಮೀಟರ್ ಚಿಲ್ಲರೆ. ಕಟಿಂಗ್ ಮಷೀನಿನಲ್ಲಿ ವಜ್ರದ ಹುಡಿ ಕೂರಿಸಿದ ಬ್ಲೇಡ್ ತಿರುಗುತ್ತದೆ, ಮೇಲಿಂದ ನೀರು ಸುರಿಯುತ್ತಿರುತ್ತದೆ. ಕಲ್ಲಿನ ಹಿಟ್ಟು ನೀರಲ್ಲಿ ಕಲಸಿ ಬೂದು ಗಂಜಿಯಾಗಿ ಚರಂಡಿಗೆ ಹೋಗುತ್ತದೆ. ಆ ಮಷೀನ್ ನೋಡಿಕೊಳ್ಳುವ ಅಣ್ಣ ನನಗಿಂತ ಹಳಬರು. ಬ್ಲೇಡಿನ ಸದ್ದು ಕೇಳಿಯೇ ಕಲ್ಲು ಕ್ವಾರ್ಟ್ಜ್ ಜಾಸ್ತಿಯದೋ ಕಡಿಮೆಯದೋ ಹೇಳಿಬಿಡುತ್ತಾರೆ. ಅವರಿಗೆ ಅವಸರ ಮಾಡುವ ಹಾಗಿಲ್ಲ. "ಮೇಡಂ, ಒತ್ತಿದ್ರೆ ಬ್ಲೇಡ್ ಬಾಗುತ್ತೆ, ಬ್ಲೇಡ್ ಬಾಗಿದ್ರೆ ನಿಮ್ ಬಿಲ್ಲೆ ಬಾಗುತ್ತೆ" ಅನ್ನುತ್ತಾರೆ. ಮಾತು ನಿಜ. ಬಿಲ್ಲೆಯ ಎರಡು ಮುಖ 0.25 ಮಿಲಿಮೀಟರ್ ಒಳಗೆ ಸಮ ಇರಬೇಕು, ಒಂದಕ್ಕೊಂದು ಕಾಲು ಡಿಗ್ರಿಗಿಂತ ಜಾಸ್ತಿ ಓರೆ ಇರಬಾರದು. ಓರೆ ಇದ್ದರೆ ಹೊರೆ ಒಂದು ಅಂಚಿಗೆ ಕೂರುತ್ತದೆ.

ಆಮೇಲೆ ಬಿಲ್ಲೆಯ ಸುತ್ತ ಒಂದೇ ಒಂದು ಸುತ್ತು ಮಾಸ್ಕಿಂಗ್ ಟೇಪ್. ಬಣ್ಣ ಬಳಿಯುವವರು ಕಿಟಕಿ ಅಂಚಿಗೆ ಹಚ್ಚುವ ಅದೇ ಪೇಪರ್ ಟೇಪ್. ಡ್ರಿಲ್ಲಿಂಗ್ ಬಿಟ್ ಕೊರೆಯುವಾಗ ಕೋರಿನ ಮೈಮೇಲೆ ಸಣ್ಣ ಸಣ್ಣ ಏಣು ಬಿಟ್ಟಿರುತ್ತದೆ. ಉಕ್ಕು ನೇರವಾಗಿ ಆ ಏಣಿನ ಮೇಲೆ ಕೂತರೆ ಅಲ್ಲೇ ಚುಚ್ಚುತ್ತದೆ. ಟೇಪ್ ಅದನ್ನು ಸ್ವಲ್ಪ ಮೆತ್ತಗೆ ಮಾಡುತ್ತದೆ. ಒತ್ತುವ ದವಡೆಗಳೂ ಚಪ್ಪಟೆ ಅಲ್ಲ, ಒಳಗೆ ಬಾಗಿರುತ್ತವೆ. ಬಾಗಿನ ತ್ರಿಜ್ಯ ಬಿಲ್ಲೆಯ ತ್ರಿಜ್ಯದ ಒಂದೂವರೆ ಪಟ್ಟು, ನಮ್ಮ ಸೈಜಿಗೆ 41 ಮಿಲಿಮೀಟರ್. ಚಪ್ಪಟೆ ಹಲಗೆಯ ನಡುವೆ ಒತ್ತಿದರೆ ಬರೀ ಒಂದು ಗೆರೆಯಷ್ಟು ಜಾಗದಲ್ಲಿ ಇಡೀ ಭಾರ ಕೂತು, ಅಂಚಿನಿಂದಲೇ ಬಿರುಕು ಶುರುವಾಗುವ ಸಂಭವ ಜಾಸ್ತಿ. ಚಪ್ಪಟೆ ಹಲಗೆಗೂ ಒಪ್ಪಿಗೆ ಕೊಡುವ ಮಾನದಂಡಗಳಿವೆ. ನನಗೆ ಬಾಗಿದ ದವಡೆಯೇ ಇಷ್ಟ.

ಹೊರೆಯನ್ನು ಸೆಕೆಂಡಿಗೆ 200 ನ್ಯೂಟನ್ನಿನಂತೆ ನಿಧಾನವಾಗಿ ಏರಿಸುತ್ತೇವೆ. ಒಳ್ಳೆಯ ಗ್ರಾನೈಟಾದರೆ ಎರಡು ನಿಮಿಷ ಏನೂ ಆಗುವುದಿಲ್ಲ. ಸ್ಕ್ರೀನಿನ ಮೇಲೆ ಗೆರೆ ಏರುತ್ತಾ ಹೋಗುತ್ತದೆ. ಆಮೇಲೆ ಒಂದೇ ಒಂದು 'ಟಪ್'. ಕಾಂಕ್ರೀಟಿನ ಚೌಕ ಗಟ್ಟಿಯನ್ನು ಒತ್ತಿ ಒಡೆಯುವ ಕ್ಯೂಬ್ ಟೆಸ್ಟಿನಲ್ಲಿ ಆಗುವ ಹಾಗೆ ಧಡಾರ್ ಅನ್ನುವುದಿಲ್ಲ. ಬಿಲ್ಲೆ ಉದುರಿಬೀಳುವುದೂ ಇಲ್ಲ, ಟೇಪ್ ಹಿಡಿದುಕೊಂಡಿರುತ್ತದೆ. ನಡುವೆ ಕೂದಲಿನಂಥ ಗೆರೆಯೊಂದು ಕಾಣುತ್ತದೆ ಅಷ್ಟೇ.

ಅಲ್ಲಿಗೇ ಮಷೀನ್ ನಿಲ್ಲಿಸಬೇಕು. ಬಿಟ್ಟರೆ ಎರಡು ಹೋಳುಗಳು ಎರಡು ಕಂಬದ ಹಾಗೆ ಮತ್ತೆ ಹೊರೆ ಹೊರಲು ಶುರುಮಾಡುತ್ತವೆ. ಪಕ್ಕದಲ್ಲಿ ಇನ್ನೊಂದಿಷ್ಟು ಬಿರುಕು ಬಿಡುತ್ತವೆ. ಆಗ ಮೊದಲ ಬಿರುಕು ಯಾವುದು, ಆಮೇಲಿನದು ಯಾವುದು ತಿಳಿಯದೆ ಕಣ್ಣಿಗೆ ಕತ್ತಲೆ. ಹಳೆಯ ಮುಳ್ಳಿನ ಡಯಲ್ ಮಷೀನಿನಲ್ಲಿ ಇನ್ನೂ ಕಷ್ಟವಿತ್ತು. ಬಿರುಕು ಬಿಟ್ಟ ಕ್ಷಣ ಮುಳ್ಳು ಒಂದು ಚೂರು ತಡವರಿಸಿ ಮುಂದೆ ಹೋಗುತ್ತಿತ್ತು. ಆ ತಡವರಿಕೆಯೇ ಉತ್ತರ. ಕಣ್ಣು ಮಿಟುಕಿಸಿದರೆ ಹೋಯಿತು.

ಲೆಕ್ಕ ಸಲೀಸು. ಮುರಿದಾಗಿನ ಹೊರೆಯನ್ನು 2ರಿಂದ ಗುಣಿಸಿ. ಪೈ, ವ್ಯಾಸ, ದಪ್ಪ ಮೂರನ್ನೂ ಗುಣಿಸಿ ಅದರಿಂದ ಭಾಗಿಸಿ. ಉದಾಹರಣೆಗೆ ವ್ಯಾಸ 54.7, ದಪ್ಪ 27.3 ಮಿಲಿಮೀಟರ್, ಮುರಿದದ್ದು 24.6 ಕಿಲೋನ್ಯೂಟನ್ನಿಗೆ ಅಂತಿಟ್ಟುಕೊಳ್ಳಿ. ಉತ್ತರ 10.5 ಮೆಗಾಪ್ಯಾಸ್ಕಲ್, ಅಂದರೆ ಒಂದು ಚದರ ಮಿಲಿಮೀಟರಿಗೆ 10.5 ನ್ಯೂಟನ್. ಆ ಹೊರೆ ಅಂದರೆ ಸುಮಾರು ಎರಡೂವರೆ ಟನ್. ಇದೇ ಕೋರಿನ ಉದ್ದ ತುಂಡನ್ನು ನಿಲ್ಲಿಸಿ ತಲೆಯ ಮೇಲೆ ಒತ್ತಿದರೆ, 150 ಮೆಗಾಪ್ಯಾಸ್ಕಲ್ ಕಲ್ಲಾದರೆ, 35 ಟನ್ ದಾಟಿದ ಮೇಲೆ ಒಡೆಯುತ್ತದೆ.

ಎಷ್ಟೋ ಲ್ಯಾಬುಗಳಲ್ಲಿ ಕಥೆ ಇಲ್ಲಿಗೆ ಮುಗಿಯುತ್ತದೆ. ನಂಬರ್ ಬಂತು, ರಿಪೋರ್ಟಿಗೆ ಹೋಯಿತು, ಹೋಳುಗಳು ಕಸದ ಡಬ್ಬಕ್ಕೆ. ನನ್ನ ತಕರಾರು ಇರುವುದೇ ಇಲ್ಲಿ. ಹೋಳು ನೋಡದೆ ಬರೆದ ನಂಬರನ್ನು ನಾನು ನಂಬುವುದಿಲ್ಲ. ಯಾಕೆಂದರೆ ಆ ಸೂತ್ರ ಒಂದು ಷರತ್ತಿನ ಮೇಲೆ ನಿಂತಿದೆ: ಬಿರುಕು ಬಿಲ್ಲೆಯ ನಡುವಿನಲ್ಲಿ ಹುಟ್ಟಿರಬೇಕು. ಅಂಚಿನಲ್ಲಿ ಹುಟ್ಟಿ ಒಳಗೆ ಓಡಿದ್ದರೆ ಸೂತ್ರ ಹೇಳುವುದು ಬೇರೆ, ಕಲ್ಲಿಗೆ ಆದದ್ದು ಬೇರೆ. ಮಷೀನಿಗೆ ಇದು ಗೊತ್ತಾಗುವುದಿಲ್ಲ. ಅದು ಎರಡಕ್ಕೂ ನಂಬರ್ ಕೊಡುತ್ತದೆ.

ಟೇಪನ್ನು ಬ್ಲೇಡಿನಿಂದ ಕೊಯ್ದು ಹೋಳು ಬಿಡಿಸಿ ಲೈಟಿಗೆ ಹಿಡಿಯುತ್ತೇನೆ. ಸರಿಯಾಗಿ ಸೀಳಿದ ಗ್ರಾನೈಟಿನ ಮುಖ ಹೊಚ್ಚ ಹೊಸದು. ಫೆಲ್ಡ್‌ಸ್ಪಾರ್ ಹರಳುಗಳು ಓರೆ ಮಾಡಿದಾಗ ಪಳಪಳ ಅನ್ನುತ್ತವೆ, ಕರಿ ಅಭ್ರಕದ ಚೂರುಗಳು ಮಿನುಗುತ್ತವೆ. ಬಿರುಕು ಮೇಲಿನ ದವಡೆಯಿಂದ ಕೆಳಗಿನ ದವಡೆಗೆ ಹೆಚ್ಚುಕಡಿಮೆ ನೇರವಾಗಿರುತ್ತದೆ. ದವಡೆ ಕೂತಿದ್ದ ಜಾಗದಲ್ಲಿ ಬಿಳಿ ಪುಡಿಯ ಸಣ್ಣ ಮೂಲೆ ಇರುತ್ತದೆ. ಅಷ್ಟಿದ್ದರೆ ಅಡ್ಡಿಯಿಲ್ಲ, ಅದು ಇರುವುದೇ. ಪುಡಿ ಒಳಗಿನವರೆಗೂ ಹೊಕ್ಕಿದ್ದರೆ, ಅಥವಾ ಬಿರುಕು ಬಿಲ್ಲಿನ ಹಾಗೆ ಬಾಗಿ ಒಂದು ಮಗ್ಗುಲಿಗೆ ಹೋಗಿದ್ದರೆ, ಆ ಬಿಲ್ಲೆಯನ್ನು ಲೆಕ್ಕದಿಂದ ಬಿಡುತ್ತೇನೆ. ಇನ್ನು ಕೆಲವು ಸಲ ಸೀಳಿದ ಮುಖದ ಮೇಲೆ ತುಕ್ಕು ಬಣ್ಣದ ಕಲೆ ಇರುತ್ತದೆ, ಇಲ್ಲವೇ ಹಸಿರು ಪೊರೆ. ಅಂದರೆ ಅಲ್ಲಿ ಮೊದಲೇ ಬಿರುಕಿತ್ತು, ನೀರು ಓಡಾಡಿತ್ತು. ನಾವು ಮುರಿದದ್ದು ಕಲ್ಲನ್ನಲ್ಲ, ಹಳೆ ಗಾಯವನ್ನು.

ಒಮ್ಮೆ ಒಬ್ಬ ಕ್ಲೈಂಟ್ ಕಡೆಯವರು ಫೋನ್ ಮಾಡಿದ್ದರು. ಒಂದು ಬೋರಿನ ಬಿಲ್ಲೆಗಳಲ್ಲಿ ಎರಡು ಮಾತ್ರ ತೀರಾ ಕಡಿಮೆ ಬಂದಿದ್ದವು.

"ಮೇಡಂ, ಆ ಎರಡನ್ನ ತೆಗೆದುಬಿಡಿ. ಆವರೇಜ್ ಕೆಡಿಸ್ತಾ ಇವೆ."

"ಸರ್, ಒಂದರಲ್ಲಿ ಹಳೆ ಬಿರುಕಿದೆ. ಅದನ್ನ ಬೇರೆ ಇಟ್ಟು ಕಾರಣ ಬರೀತೀನಿ. ಇನ್ನೊಂದು ಸರಿಯಾಗೇ ಸೀಳಿದೆ. ಅದು ಇರುತ್ತೆ."

"ಅದಕ್ಕೆ ಯಾಕೆ ಅಷ್ಟು ಕಡಿಮೆ?"

"ಕಲ್ಲು ಹಾಗಿದೆ ಸರ್."

ಅವರಿಗೆ ಸಮಾಧಾನ ಆಗಲಿಲ್ಲ. ಅವರ ಕಷ್ಟವೂ ಅರ್ಥವಾಗುತ್ತದೆ. ಆದರೆ ಕಲ್ಲಿನಲ್ಲಿ ಎಳೆತದ ಬಲ ಒಂದೇ ನಂಬರಾಗಿ ಇರುವುದಿಲ್ಲ. ಒಂದೇ ಕೋರಿನಿಂದ ಅಕ್ಕಪಕ್ಕ ಕತ್ತರಿಸಿದ ಬಿಲ್ಲೆಗಳೂ ಬೇರೆ ಬೇರೆ ಉತ್ತರ ಕೊಡುತ್ತವೆ. ಒಂದು ದೊಡ್ಡ ಹರಳಿನ ಅಂಚು ಬಿಲ್ಲೆಯ ನಡುವೆ ಬಂದರೆ ಸಾಕು, ಉತ್ತರ ಇಳಿಯುತ್ತದೆ. ಐಎಸ್‌ಆರ್‌ಎಂ ವಿಧಾನ ಹತ್ತು ಬಿಲ್ಲೆ ಮಾಡಿ ಅನ್ನುವುದು ಅದಕ್ಕೇ. ಹರಡಿಕೊಂಡಿರುವುದು ಕಲ್ಲಿನ ಗುಣ, ನಮ್ಮ ತಪ್ಪಲ್ಲ. ಮೂರೇ ಬಿಲ್ಲೆ ಮಾಡಿಸಿ, ಅದರಲ್ಲಿ ಒಂದನ್ನು ತೆಗೆಸಿ, ಉಳಿದ ಎರಡರ ಆವರೇಜನ್ನು ಎರಡು ದಶಮಾಂಶ ಸ್ಥಾನದವರೆಗೆ ಕೇಳುವವರಿಗೆ ಏನು ಹೇಳುವುದು?

ಕಗ್ಗಲ್ಲಿನ ಮಾತು ಇಷ್ಟಾದರೆ ನೈಸ್ (gneiss) ಅನ್ನುವ ಪಟ್ಟೆ ಕಲ್ಲಿನದು ಇನ್ನೊಂದು ಪುರಾಣ. ಲಾಲ್‌ಬಾಗ್ ಬಂಡೆ ನೋಡಿದ್ದೀರಲ್ಲ, ಸುಮಾರು 300 ಕೋಟಿ ವರ್ಷ ಹಳೆಯದು, ಮೈತುಂಬ ಕಪ್ಪು ಬಿಳಿ ಪಟ್ಟೆ. ಬೆಂಗಳೂರಿನ ನೆಲದಡಿಯಲ್ಲಿ ಬಹಳ ಕಡೆ ಇದೇ ಜಾತಿಯ ಕಲ್ಲು. ಇಂಥ ಕಲ್ಲಿನ ಬಿಲ್ಲೆಯನ್ನು ಪಟ್ಟೆ ಮೇಲಿಂದ ಕೆಳಗೆ ನಿಲ್ಲುವ ಹಾಗೆ ಇಟ್ಟು ಒತ್ತಿದರೆ ಪಟ್ಟೆಯ ಗುಂಟವೇ ಸುಮ್ನೆ ಬಿಟ್ಟುಕೊಳ್ಳುತ್ತದೆ. ಪಟ್ಟೆ ಅಡ್ಡ ಬರುವ ಹಾಗೆ ತಿರುಗಿಸಿ ಇಟ್ಟರೆ ಅದೇ ಕಲ್ಲು ಹಟ ಹಿಡಿಯುತ್ತದೆ. ಹಾಗಾಗಿ ಕತ್ತರಿಸುವ ಮೊದಲೇ ಮಾರ್ಕರ್ ಪೆನ್ನಿನಲ್ಲಿ ಕೋರಿನ ಉದ್ದಕ್ಕೂ ಗೆರೆ ಎಳೆಯುತ್ತೇವೆ. ಯಾವ ಬಿಲ್ಲೆಯನ್ನು ಯಾವ ದಿಕ್ಕಿಗೆ ಇಟ್ಟೆವು ಅನ್ನುವುದನ್ನು ಬರೆಯದೆ ಬರೀ ಬಲ ಬರೆದರೆ ಓದುವವರಿಗೆ ಅದರಿಂದ ಉಪಯೋಗವಿಲ್ಲ.

ಈ ದಿಕ್ಕಿನ ವಿಷಯ ನನಗಿಂತ ನಮ್ಮ ಸೋದರಮಾವನಿಗೆ ಚೆನ್ನಾಗಿ ಗೊತ್ತು. ನಮ್ಮೂರು ಮುಳಬಾಗಿಲ ಕಡೆ. ಮಾವ ಹರೆಯದಿಂದಲೂ ಬಂಡೆ ಸೀಳಿ ಚಪ್ಪಡಿ, ದ್ರಾಕ್ಷಿ ತೋಟಕ್ಕೆ ಕಲ್ಲು ಕೂಚ ಮಾಡಿದವರು. ಸಾಲಾಗಿ ತೂತು ಹಾಕಿ, ಒಂದೊಂದಕ್ಕೂ ಬೆಣೆ ಇಟ್ಟು, ಈ ತುದಿಯಿಂದ ಆ ತುದಿಗೆ ಸುತ್ತಿಗೆಯಿಂದ ಹದವಾಗಿ ಹೊಡೆಯುತ್ತಾ ಹೋಗುತ್ತಾರೆ. ಒಂದೇ ಬೆಣೆಗೆ ಜೋರಾಗಿ ಹೊಡೆಯುವುದಿಲ್ಲ. ಎಲ್ಲಕ್ಕೂ ಸಮ. "ಸದ್ದು ಬದಲಾಗುತ್ತೆ ಕಣಮ್ಮಾ. ಟಣ್ ಟಣ್ ಅಂತಿದ್ದದ್ದು ಮಂಕಾಗುತ್ತೆ. ಆಗ ಕೈ ಬಿಟ್ಟು ಬೀಡಿ ಹಚ್ಚಬೇಕು, ಅದೇ ಬಿಟ್ಟುಕೊಳ್ಳುತ್ತೆ" ಅನ್ನುತ್ತಾರೆ. ಬೆಣೆ ಕೆಳಗೆ ಇಳಿದಷ್ಟೂ ಕಲ್ಲನ್ನು ಎರಡು ಪಕ್ಕಕ್ಕೆ ದೂಡುತ್ತದೆ. ಹೊಡೆತ ಮೇಲಿಂದ, ಸೀಳು ಅಡ್ಡದ ಎಳೆತಕ್ಕೆ. ನಾನು ಲ್ಯಾಬಿನಲ್ಲಿ ಮಾಡುವುದೂ ಇದರ ಅಣ್ಣತಮ್ಮನೇ. ಯಾವ ಕಡೆಯಿಂದ ಹೊಡೆದರೆ ಬಂಡೆ ನೇರ ಸೀಳುತ್ತದೆ, ಯಾವ ಕಡೆಯಿಂದ ಹೊಡೆದರೆ ಸೊಟ್ಟ ಹೋಗುತ್ತದೆ ಅಂತ ಅವರು ಬಂಡೆಯ ಮೇಲೆ ಒಂದು ಸುತ್ತು ಓಡಾಡಿ ಹೇಳುತ್ತಾರೆ. ನಮ್ಮ ಮಷೀನ್ ಫೋಟೊ ತೋರಿಸಿದಾಗ ಅವರು ಕೇಳಿದ್ದು ಒಂದೇ: "ಇಷ್ಟು ಸಣ್ಣ ಚೂರು ನೋಡಿ ಬಂಡೆ ಬಗ್ಗೆ ಹೇಳ್ತೀರಾ?" ಒಳ್ಳೆಯ ಪ್ರಶ್ನೆ. ಬಂಡೆಯಲ್ಲಿ ಸಂದು ಇರುತ್ತದೆ, ಬಿರುಕಿರುತ್ತದೆ. ದೊಡ್ಡ ಬಂಡೆ ಯಾವಾಗಲೂ ಸಣ್ಣ ಬಿಲ್ಲೆಗಿಂತ ದುರ್ಬಲ. ನಮ್ಮ ನಂಬರ್ ಸಂದುಗಳ ನಡುವೆ ಇರುವ ಗಟ್ಟಿ ಕಲ್ಲಿನದು ಮಾತ್ರ.

ಹಾಗಾದರೆ ಯಾರಿಗೆ ಬೇಕು ಈ ನಂಬರ್? ಕ್ವಾರಿಯಲ್ಲಿ ಮದ್ದು ಸಿಡಿಸುವವರಿಗೆ ಬೇಕು. ಸ್ಫೋಟದ ಅಲೆ ಕಲ್ಲನ್ನು ಒತ್ತುತ್ತಾ ಹೋಗಿ, ಬಯಲಿನ ಮುಖಕ್ಕೆ ತಾಗಿ, ಎಳೆತದ ಅಲೆಯಾಗಿ ವಾಪಸ್ ಬರುತ್ತದೆ. ಆ ಮುಖದ ಹತ್ತಿರ ಕಲ್ಲು ಹೆಕ್ಕಳೆಯಾಗಿ ಏಳುವುದು ಆ ವಾಪಸ್ ಅಲೆಗೆ. ಸುರಂಗದವರಿಗೆ ಬೇಕು. ಆಳದಲ್ಲಿ ಸುತ್ತಲಿಂದ ವಿಪರೀತ ಒತ್ತಡ ಇದ್ದಾಗ ಸುರಂಗದ ಗೋಡೆ ಗೋಡೆಗೇ ಸಮಾನಾಂತರವಾಗಿ ಹಲಗೆ ಹಲಗೆಯಾಗಿ ಸೀಳುತ್ತದೆ. ಅದೂ ಒತ್ತಡದಿಂದ ಹುಟ್ಟಿದ ಎಳೆತದ ಬಿರುಕೇ. ಕೋಲಾರದ ಚಿನ್ನದ ಗಣಿ ಮೂರು ಕಿಲೋಮೀಟರಿಗೂ ಜಾಸ್ತಿ ಆಳ ಹೋಗಿತ್ತು. ಅಲ್ಲಿ ಕಲ್ಲು ತಾನೇ ಸಿಡಿಯುವುದನ್ನು ಹಿಂದೆ 'ಏರ್ ಬ್ಲಾಸ್ಟ್' ಅನ್ನುತ್ತಿದ್ದರು. ನಮ್ಮ ಕಡೆಯ ಎಷ್ಟೋ ಮನೆಗಳಲ್ಲಿ ಆ ಮಾತು ಈಗಲೂ ಗೊತ್ತು. ಗಣಿ 2001ರಲ್ಲಿ ಮುಚ್ಚಿತು. 1988ರಲ್ಲಿ ಕೆಜಿಎಫ್‌ನಲ್ಲೇ ನ್ಯಾಷನಲ್ ಇನ್‌ಸ್ಟಿಟ್ಯೂಟ್ ಆಫ್ ರಾಕ್ ಮೆಕ್ಯಾನಿಕ್ಸ್ ಶುರುವಾದದ್ದು ಸುಮ್ನೆ ಅಲ್ಲ.

ಮೆತ್ತನೆ ಕಲ್ಲಿಗೆ ಈ ಟೆಸ್ಟ್ ಆಗಿಬರುವುದಿಲ್ಲ. ಕೊಳೆತ ಕಲ್ಲು, ಮಣ್ಣಾಗುತ್ತಿರುವ ಕಲ್ಲು ದವಡೆಯ ಕೆಳಗೆ ಚಪ್ಪಟೆಯಾಗುತ್ತದೆ. ಸೀಳುವ ಬದಲು ಅಮುಕಿಕೊಳ್ಳುತ್ತದೆ. ಅಲ್ಲಿ ಬಂದ ನಂಬರ್ ಯಾವುದಕ್ಕೂ ಸಲ್ಲದು. ಒದ್ದೆ ಕಲ್ಲೂ ಒಣ ಕಲ್ಲಿಗಿಂತ ಬೇಗ ಸೀಳುತ್ತದೆ. ಕೋರ್ ಯಾವ ಸ್ಥಿತಿಯಲ್ಲಿತ್ತು ಅನ್ನುವುದನ್ನೂ ಬರೆಯಬೇಕು.

ಕೊನೆಗೆ ಒಂದು ಪ್ರಶ್ನೆ ಎಲ್ಲರೂ ಕೇಳುತ್ತಾರೆ. ಒತ್ತಡದ ಬಲ ಗೊತ್ತಿದ್ದರೆ ಹತ್ತರಿಂದ ಭಾಗಿಸಿ ಬರೆದರೆ ಸಾಲದಾ? ಅಂದಾಜಿಗೆ ಸಾಕು. ಡಿಸೈನಿಗೆ ಸಾಲದು. ಆ ಹತ್ತು ಕೆಲವು ಕಲ್ಲಿಗೆ ಇಪ್ಪತ್ತೂ ದಾಟುತ್ತದೆ. ಪಟ್ಟೆ ಕಲ್ಲಿನಲ್ಲಿ ದಿಕ್ಕಿಗೊಂದು ಉತ್ತರ. ಮತ್ತೆ ನಮ್ಮ ಬ್ರೆಜಿಲಿಯನ್ ನಂಬರೂ ನೇರ ಎಳೆದಾಗ ಬರುವುದಕ್ಕಿಂತ ಸಾಮಾನ್ಯವಾಗಿ ಸ್ವಲ್ಪ ಜಾಸ್ತಿಯೇ. ನೇರ ಎಳೆತದ ಬಲ ಬೇಕಿದ್ದರೆ ಗ್ರಾನೈಟಿನಂಥ ಕಲ್ಲಿಗೆ ಇದರ 0.8 ಪಟ್ಟು, ಮರಳುಗಲ್ಲು ಸುಣ್ಣಕಲ್ಲಿನಂಥ ಪದರ ಕಲ್ಲುಗಳಿಗೆ 0.7 ಪಟ್ಟು ಹಿಡಿಯುವ ರೂಢಿಯಿದೆ. ರಿಪೋರ್ಟಿನಲ್ಲಿ 'ಪರೋಕ್ಷ ವಿಧಾನ' ಅಂತ ಬರೆದಿರುವುದನ್ನು ಓದದೆ ನಂಬರನ್ನು ಹಾಗೇ ಎತ್ತಿಕೊಳ್ಳುವ ಡಿಸೈನರುಗಳನ್ನು ನೋಡಿದ್ದೇನೆ.

ಕೋರ್ ಕಳಿಸುವವರು ಯಾರಾದರೂ ಇದನ್ನು ಓದುತ್ತಿದ್ದರೆ ಒಂದು ಕೋರಿಕೆ. ಹತ್ತು ಬಿಲ್ಲೆಗೆ ಬ್ಲೇಡ್ ತಿನ್ನುವುದೂ ಸೇರಿ ಮೂವತ್ತು ಸೆಂಟಿಮೀಟರ್ ದಾಟುತ್ತದೆ. ಕೆಲವು ಕೆಟ್ಟರೆ ಮತ್ತೆ ಮಾಡಬೇಕು. ಒಂದೇ ಜಾತಿಯ, ಒಡೆಯದ ಅರ್ಧ ಮೀಟರ್ ಕೋರ್ ಕಳಿಸಿ. ಯಾವ ಕಡೆ ಮೇಲೆ ಅಂತ ಬಾಣದ ಗುರುತು ಹಾಕಿ. ರಿಪೋರ್ಟ್ ಬಂದಾಗ ಸೀಳಿದ ಬಿಲ್ಲೆಗಳ ಫೋಟೊ ಕೇಳಿ. ಹೆಚ್ಚಿನ ದುಡ್ಡು ಯಾರೂ ಕೇಳುವುದಿಲ್ಲ. ಕೇಳಿದರೆ ಲ್ಯಾಬ್ ಬದಲಾಯಿಸಿ.